ಕೆರೆಯ ನೀರು, ಕೇರಿಯ ಬೆಂಕಿ: ಕೃಷ್ಣರಾಜಪುರದ ದಾರಿಯಲ್ಲಿ ಒಂದು ವಿಚಾರ

ಬೆಂಗಳೂರಿನಿಂದ ಮೂಡಣ ದಿಕ್ಕಿಗೆ ಹೊರಡುವ ಹಳೆಯ ಮದ್ರಾಸು ರಸ್ತೆಯು ಹಲಸೂರನ್ನು ಬಿಟ್ಟು, ಇಂದಿರಾನಗರದ ಅಂಚನ್ನು ಹಾದು, ಬೈಯಪ್ಪನಹಳ್ಳಿ, ಟಿನ್ ಫ್ಯಾಕ್ಟರಿಗಳನ್ನು ದಾಟಿ ಕೃಷ್ಣರಾಜಪುರವನ್ನು ಸೇರುತ್ತದೆ. ಅಲ್ಲಿಂದ ಮುಂದೆ ಅದು ಹೊಸಕೋಟೆ, ಕೋಲಾರಗಳ ಕಡೆಗೆ ಸಾಗುವ ಹೆದ್ದಾರಿ. ಒಂದು ಕಾಲಕ್ಕೆ ರಾಗಿಯ ಹೊಲ, ಮಾವಿನ ತೋಪು, ಕೆರೆಗಳ ನಡುವೆ ಸಂತೆಯ ಊರಾಗಿದ್ದ ಕೃಷ್ಣರಾಜಪುರ ಇಂದು ಮಹಾನಗರದ ಒಡಲಿನಲ್ಲಿ ಸೇರಿಹೋಗಿದೆ. 2007ರಲ್ಲಿ ಅದು ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಭಾಗವಾಯಿತು; 2025ರಿಂದ ಬೆಂಗಳೂರು ಪೂರ್ವ ನಗರ ಪಾಲಿಕೆಯ ವ್ಯಾಪ್ತಿಗೆ ಬಂದಿದೆ. ಆಡಳಿತದ ಹೆಸರು ಎಷ್ಟು ಸಲ ಬದಲಾದರೂ ಊರಿನ ಹಳೆಯ ಗುಣ ಪೂರ್ತಿಯಾಗಿ ಅಳಿದಿಲ್ಲ. ವಾರದ ಸಂತೆ ಇಂದಿಗೂ ಇದೆ. ಸೊಪ್ಪು, ತರಕಾರಿ ಮಾರುವ ತಾಯಂದಿರು ಗಿರಾಕಿಯನ್ನು ಮನೆಯವರಂತೆ ಕರೆದು ಮಾತನಾಡಿಸುವುದೂ ಇದೆ.

ಈ ಮಾರ್ಗವಾಗಿ ನಾವು ಬಹು ವರ್ಷಗಳಿಂದ ಸಂಚರಿಸುತ್ತ ಬಂದಿದ್ದೇವೆ. ಹಿಂದೆ ಬಸ್ಸಿನಲ್ಲಿ ಮೈ ಕುಲುಕಿಸಿಕೊಂಡು ತಲುಪಬೇಕಾಗಿದ್ದ ಊರಿಗೆ 2023ರಿಂದ ಮೆಟ್ರೋ ರೈಲಿನಲ್ಲಿ ನಿರಾಯಾಸವಾಗಿ ಹೋಗಬಹುದಾಗಿದೆ. ನಿಲ್ದಾಣದಲ್ಲಿ ಇಳಿದೊಡನೆ ಕಣ್ಣಿಗೆ ಬೀಳುವುದು, ರೈಲು ಹಳಿಗಳ ಮೇಲೆ ಉಕ್ಕಿನ ಹಗ್ಗಗಳ ಆಧಾರದಿಂದ ನಿಂತಿರುವ, 2003ರಲ್ಲಿ ಸಂಚಾರಕ್ಕೆ ತೆರೆದ ತೂಗುಸೇತುವೆ. ಅದನ್ನು ದಾಟಿ ಮುಂದೆ ಹೋದರೆ 1948ರಲ್ಲಿ ಸ್ಥಾಪಿತವಾದ ಭಾರತೀಯ ದೂರವಾಣಿ ಕಾರ್ಖಾನೆ. ಅದರಿಂದಾಗಿ ದೂರವಾಣಿನಗರವೆಂಬ ಬಡಾವಣೆಯೇ ಹುಟ್ಟಿತು. ಕನ್ನಡ, ತಮಿಳು, ತೆಲುಗು, ಉರ್ದು, ಮಲಯಾಳಂ ಮಾತನಾಡುವ ಕುಟುಂಬಗಳು ಅಕ್ಕಪಕ್ಕದಲ್ಲಿ ನೆಲೆಸಿದವು. ಅನಂತರ ವೈಟ್‌ಫೀಲ್ಡ್ ಕಡೆಯ ಸಾಫ್ಟ್‌ವೇರ್ ಉದ್ಯಮ ಬೆಳೆದಂತೆ ಬಹುಮಹಡಿ ಕಟ್ಟಡಗಳೂ, ಅವುಗಳನ್ನು ಕಟ್ಟಲು ದೂರದ ಸೀಮೆಗಳಿಂದ ಬಂದ ಕಾರ್ಮಿಕರ ತಗಡಿನ ಶೆಡ್ಡುಗಳೂ ಒಟ್ಟೊಟ್ಟಿಗೆ ಎದ್ದು ನಿಂತವು.

ಹಳೆಯ ಊರಿನ ಓಣಿಗಳಲ್ಲಿ ಕಾಲ್ನಡಿಗೆಯಿಂದ ಸುತ್ತುವವನಿಗೆ ಈ ಬೆಳವಣಿಗೆಯ ಇನ್ನೊಂದು ಮುಖವೂ ಕಾಣುತ್ತದೆ. ಎರಡು ದ್ವಿಚಕ್ರ ವಾಹನಗಳು ಎದುರುಬದುರಾದರೆ ಒಂದು ಹಿಂದೆ ಸರಿಯಬೇಕಾದಷ್ಟು ಇಕ್ಕಟ್ಟಾದ ದಾರಿ. ನೆಲಮಹಡಿಯಲ್ಲಿ ಅಂಗಡಿ, ಅದರ ಹಿಂದೆ ಪ್ಲಾಸ್ಟಿಕ್ ಸಾಮಾನಿನ ದಾಸ್ತಾನು, ಮೇಲೆ ಮೂರು ನಾಲ್ಕು ಸಂಸಾರಗಳು. ಮೆಟ್ಟಿಲ ಕೆಳಗೆ ಅಡುಗೆ ಅನಿಲದ ಸಿಲಿಂಡರು. ತಲೆಯ ಮೇಲೆ ಜೇಡರ ಬಲೆಯಂತೆ ಹೆಣೆದುಕೊಂಡ ವಿದ್ಯುತ್ ತಂತಿಗಳು. ಇಂತಹ ಓಣಿ ಬೆಂಗಳೂರಿನ ಎಲ್ಲ ಹಳೆಯ ಪೇಟೆಗಳಲ್ಲಿಯೂ ಇದೆ. ನಮ್ಮ ವಾಚಕರ ಊರುಗಳಲ್ಲಿಯೂ ಇದ್ದೀತು. ಇಲ್ಲಿ ಒಂದು ರಾತ್ರಿ ಬೆಂಕಿ ಬಿದ್ದರೆ ಮೊದಲು ಬರುವವರು ಯಾರು? ಅವರ ಕೈಯಲ್ಲಿ ಏನಿರುತ್ತದೆ? ಅದಕ್ಕೆ ಹಣ ಕೊಟ್ಟವರು ಯಾರು? ಕೃಷ್ಣರಾಜಪುರದ ಓಣಿಗಳು ನಮ್ಮ ಮುಂದೆ ಇಟ್ಟ ಪ್ರಶ್ನೆಗಳಿವು.

ಸರ್ಕಾರದ ಅಗ್ನಿಶಾಮಕ ವ್ಯವಸ್ಥೆ ನಮ್ಮಲ್ಲಿ ಇಲ್ಲವೆಂದಲ್ಲ. ಇದೇ ಹಳೆಯ ಮದ್ರಾಸು ರಸ್ತೆ ಹೊರಡುವ ಹಲಸೂರಿನ ಕೆರೆಯ ಎದುರಿಗೇ, ಅಣ್ಣಾಸ್ವಾಮಿ ಮೊದಲಿಯಾರ್ ರಸ್ತೆಯಲ್ಲಿ, ರಾಜ್ಯ ಅಗ್ನಿಶಾಮಕ ಮತ್ತು ತುರ್ತುಸೇವೆಗಳ ಇಲಾಖೆಯ ಕೇಂದ್ರ ಕಚೇರಿಯಿದೆ. 1964ರ ಅಗ್ನಿಶಾಮಕ ದಳದ ಕಾಯಿದೆ ಅದಕ್ಕೆ ಆಧಾರ. ನಮ್ಮ ಸಂವಿಧಾನದ ಹನ್ನೆರಡನೆಯ ಅನುಸೂಚಿ ಅಗ್ನಿಶಾಮಕ ಸೇವೆಯನ್ನು ನಗರಾಡಳಿತದ ಕಾರ್ಯಗಳ ಪಟ್ಟಿಯಲ್ಲಿಯೇ ಸೇರಿಸಿದೆ. ಆ ಯೋಧರ ಸೇವೆಗೆ ನಾವು ಎಷ್ಟು ಕೃತಜ್ಞರಾದರೂ ಕಡಿಮೆಯೇ. 1944ರ ಏಪ್ರಿಲ್ 14ರಂದು ಮುಂಬಯಿಯ ಹಡಗುಕಟ್ಟೆಯಲ್ಲಿ ಹತ್ತಿ ಮತ್ತು ಸ್ಫೋಟಕಗಳನ್ನು ಹೊತ್ತಿದ್ದ ಹಡಗು ಸಿಡಿದಾಗ 66 ಮಂದಿ ಅಗ್ನಿಶಾಮಕ ಸಿಬ್ಬಂದಿ ಪ್ರಾಣಾರ್ಪಣೆ ಮಾಡಿದರು. ಅವರ ನೆನಪಿಗಾಗಿಯೇ ಪ್ರತಿವರ್ಷ ಆ ದಿನದಿಂದ ಅಗ್ನಿಶಾಮಕ ಸೇವಾ ಸಪ್ತಾಹವನ್ನು ಆಚರಿಸಲಾಗುತ್ತದೆ.

ಆದರೆ ಅತ್ಯಂತ ದಕ್ಷರಾದ ಸಿಬ್ಬಂದಿಗೂ ದೂರವೆಂಬುದಿದೆ, ಕಾಲವೆಂಬುದಿದೆ. ಟಿನ್ ಫ್ಯಾಕ್ಟರಿಯ ಬಳಿಯ ಸಂಜೆಯ ವಾಹನದಟ್ಟಣೆಯನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಸಾಮಾನ್ಯ ಅಗ್ನಿಶಾಮಕ ವಾಹನವೊಂದು ಹೊತ್ತು ತರುವ ನೀರು ನಾಲ್ಕೈದು ಸಾವಿರ ಲೀಟರು. ಪೂರ್ಣವೇಗದಲ್ಲಿ ಪಂಪು ನಡೆದರೆ ಅದು ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ. ಮತ್ತೆ ತುಂಬಿಸಿಕೊಳ್ಳಲು ಹತ್ತಿರದಲ್ಲಿ ನೀರಿನ ನೆಲೆ ಬೇಕು. ಅದಕ್ಕೂ ಮಿಗಿಲಾಗಿ, ಬೆಂಕಿಯ ಮೊದಲ ಹತ್ತು ನಿಮಿಷಗಳು ಓಣಿಯವರವೇ. ಒಂದು ಸಣ್ಣ ಅಗ್ನಿನಂದಿನಿಯಿಂದ, ಒಂದು ಬಕೆಟ್ಟು ಮರಳಿನಿಂದ ಆರಬಹುದಾದ ಬೆಂಕಿ ಆ ಹತ್ತು ನಿಮಿಷ ಕಳೆದ ಮೇಲೆ ನಾಲ್ಕು ವಾಹನಗಳಿಗೂ ಜಗ್ಗದು. ವಿದ್ಯುತ್ತಿನ ಬೆಂಕಿಗೆ ನೀರು ಎರಚಬಾರದು, ಕಾದ ಎಣ್ಣೆ ಹತ್ತಿದಾಗ ನೀರು ಸುರಿಯಬಾರದು ಎಂಬ ಅರಿವು ಇಲ್ಲದ ಧೈರ್ಯವು ಅಪಾಯವನ್ನು ಹೆಚ್ಚಿಸುತ್ತದೆ. ಆದುದರಿಂದ ಪ್ರತಿ ಕೇರಿಯಲ್ಲಿಯೂ ತರಬೇತಿ ಪಡೆದ ಹತ್ತಿಪ್ಪತ್ತು ಸ್ವಯಂಸೇವಕರು, ಅವರ ಕೈಗೆ ಸುಸ್ಥಿತಿಯಲ್ಲಿರುವ ಸಾಮಗ್ರಿ, ಇವೆರಡೂ ಅವಶ್ಯ.

ಈ ಪೂರ್ವ ಭಾಗವೇ ಅದಕ್ಕೆ ನೋವಿನ ಸಾಕ್ಷಿಯನ್ನು ಒದಗಿಸಿದೆ. 2010ರ ಫೆಬ್ರವರಿ 23ರಂದು ಹಳೆಯ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್ಟನ್ ಟವರ್ಸ್ ಕಟ್ಟಡದಲ್ಲಿ ಹೊಗೆ ತುಂಬಿ 9 ಜನ ಅಸುನೀಗಿದರು. ಉಸಿರು ಕಟ್ಟಿ ಕಿಟಕಿಗಳಿಂದ ಹಾರಿದವರೂ ಅವರಲ್ಲಿದ್ದರು. ಮಕ್ಕಳನ್ನು, ಬಂಧುಗಳನ್ನು ಕಳೆದುಕೊಂಡ ಕುಟುಂಬಗಳು ದುಃಖದಲ್ಲಿಯೇ ಮುಳುಗದೆ 'ಬಿಯಾಂಡ್ ಕಾರ್ಲ್ಟನ್' ಎಂಬ ಸಂಘಟನೆಯನ್ನು ಕಟ್ಟಿ ಅಗ್ನಿಸುರಕ್ಷತೆಯ ಜಾಗೃತಿಗೆ ತೊಡಗಿದವು. 1968ರ ಕಾಯಿದೆಯಂತೆ ರೂಪುಗೊಂಡ ಪೌರ ರಕ್ಷಣಾ ದಳದಲ್ಲಿಯೂ ಸಂಬಳವಿಲ್ಲದೆ ದುಡಿಯುವ ಸ್ವಯಂಸೇವಕರಿದ್ದಾರೆ. ಹೀಗೆ ಮನಸ್ಸಿರುವ ಜನ ನಮ್ಮಲ್ಲಿದ್ದಾರೆ. ಕೊರತೆ ಇರುವುದು ಆ ಮನಸ್ಸನ್ನು ವರ್ಷವರ್ಷವೂ ಕಾಪಾಡುವ ನಿಧಿಯಲ್ಲಿ.

ಆ ನಿಧಿ ಹೇಗೆ ಕೂಡಬೇಕೆಂಬ ವಿಷಯದಲ್ಲಿ ಬೇರೆ ದೇಶಗಳು ಕಂಡ ಅನುಭವ ನಮಗೆ ಉಪಯುಕ್ತವಾದುದು. 1666ರ ಮಹಾ ಅಗ್ನಿಕಾಂಡದ ತರುವಾಯ ಲಂಡನ್ ನಗರದಲ್ಲಿ ವಿಮಾ ಕಂಪನಿಗಳು ತಮ್ಮದೇ ಅಗ್ನಿಶಾಮಕ ತಂಡಗಳನ್ನು ಇಟ್ಟುಕೊಂಡು, ವಿಮೆ ಮಾಡಿಸಿದವರ ಮನೆಯ ಗೋಡೆಗೆ ತಮ್ಮ ಲೋಹದ ಮುದ್ರೆಯನ್ನು ಹಚ್ಚುತ್ತಿದ್ದವು. ಕಾಲ ಕಳೆದಂತೆ ಖಾಸಗಿ ವ್ಯವಸ್ಥೆ ಮಹಾನಗರಕ್ಕೆ ಸಾಲದೆಂದು ತಿಳಿದು, 1866ರಲ್ಲಿ ಅದು ಸಾರ್ವಜನಿಕ ಸೇವೆಯಾಯಿತು. ಇನ್ನೊಂದು ಪ್ರಸಂಗ ತೀರ ಇತ್ತೀಚಿನದು. ಅಮೆರಿಕದ ಟೆನೆಸಿ ರಾಜ್ಯದ ಒಂದು ಗ್ರಾಮಪ್ರದೇಶದವರು ಪಕ್ಕದ ಸಣ್ಣ ನಗರದ ಅಗ್ನಿಶಾಮಕ ಸೇವೆ ಪಡೆಯಲು ವರ್ಷಕ್ಕೆ 75 ಡಾಲರ್ ಚಂದಾ ಕೊಡಬೇಕಾಗಿತ್ತು. 2010ರಲ್ಲಿ ಚಂದಾ ಕೊಡದಿದ್ದ ಒಬ್ಬರ ಮನೆಗೆ ಬೆಂಕಿ ಬಿತ್ತು. ವಾಹನ ಬಂದಿತು, ಚಂದಾ ಕೊಟ್ಟಿದ್ದ ನೆರೆಯವರ ಆಸ್ತಿಯನ್ನು ರಕ್ಷಿಸಿತು, ಈ ಮನೆ ಉರಿದು ಬೂದಿಯಾಗುವುದನ್ನು ಸಿಬ್ಬಂದಿ ನೋಡುತ್ತ ನಿಂತರು. ಎಷ್ಟು ಕೇಳಿದರೂ ಕೊಡುತ್ತೇನೆಂದು ಮನೆಯವರು ಬೇಡಿಕೊಂಡರೂ ನಿಯಮ ಮಣಿಯಲಿಲ್ಲ. ಮನೆಯೊಳಗಿದ್ದ ಸಾಕುಪ್ರಾಣಿಗಳು ಸುಟ್ಟುಹೋದವು.

ಆ ನಿಯಮ ಮಾಡಿದವರ ವಾದವನ್ನೂ ನಾವು ತಿಳಿಯಬೇಕು. ಬೆಂಕಿ ಬಿದ್ದ ಮೇಲೆ ಹಣ ಕೊಟ್ಟರೆ ಸಾಕೆಂದಾದರೆ ಮೊದಲೇ ಯಾರೂ ಕೊಡುವುದಿಲ್ಲ. ಯಾರೂ ಕೊಡದಿದ್ದರೆ ವಾಹನವೇ ಇರುವುದಿಲ್ಲ. ಲೆಕ್ಕಕ್ಕೆ ಇದು ಸರಿಯಾದ ಮಾತು. ಆದರೂ ನಮ್ಮ ಅಂತಃಕರಣ ಅದನ್ನು ಒಪ್ಪದು. ದಾಸೋಹದ ಪಂಕ್ತಿಯಲ್ಲಿ ಕುಳಿತವನನ್ನು ನೀನು ಎಷ್ಟು ಕೊಟ್ಟೆಯೆಂದು ಕೇಳುವ ಪದ್ಧತಿ ನಮ್ಮಲ್ಲಿಲ್ಲ. ಕೊಡುವಾಗ ಎಲ್ಲರೂ ಕೊಡಬೇಕು; ಬಡಿಸುವಾಗ ಕೊಟ್ಟವನು, ಕೊಡದವನು ಎಂಬ ಭೇದ ಇರಬಾರದು. ಬೆಂಕಿಗಂತೂ ಆ ಭೇದ ಮೊದಲೇ ತಿಳಿಯದು. ಚಂದಾ ಕೊಡದವನ ಗುಡಿಸಲಿನಿಂದ ಹಾರಿದ ಕಿಡಿ ಕೊಟ್ಟವನ ಮಹಡಿಯನ್ನೂ ಮುಟ್ಟುತ್ತದೆ.

ಹಾಗಾದರೆ ದಾರಿ ಯಾವುದು? ದಕ್ಷಿಣ ಅಮೆರಿಕದ ಚಿಲಿ ದೇಶದಲ್ಲಿ ಅಗ್ನಿಶಾಮಕ ಕಾರ್ಯವೆಲ್ಲ ಸಂಬಳವಿಲ್ಲದ ಸ್ವಯಂಸೇವಕರದೇ. ವಾಲ್ಪರೈಸೋ ಎಂಬ ಬಂದರು ನಗರದಲ್ಲಿ 1851ರಲ್ಲಿ ಪ್ರಾರಂಭವಾದ ಈ ಸಂಪ್ರದಾಯದಲ್ಲಿ ವೈದ್ಯ, ವರ್ತಕ, ಕೂಲಿಕಾರ ಎಲ್ಲರೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಮೈಮುರಿದು ದುಡಿಯುವುದರ ಜೊತೆಗೆ ತಮ್ಮ ಸಂಘಕ್ಕೆ ತಿಂಗಳ ವಂತಿಗೆಯನ್ನೂ ಕೊಡುತ್ತಾರೆ. ಸರ್ಕಾರದ ಅನುದಾನ, ಸಾರ್ವಜನಿಕರ ದೇಣಿಗೆಗಳೂ ಅದಕ್ಕೆ ಸೇರುತ್ತವೆ. ಜರ್ಮನಿಯಲ್ಲಿ ಸಣ್ಣ ಊರುಗಳ ದಳಗಳೆಲ್ಲ ಸ್ವಯಂಸೇವಕರವೇ ಆದರೂ, ವಾಹನ, ಸಾಮಗ್ರಿ, ಕಟ್ಟಡಗಳನ್ನು ಒದಗಿಸುವ ಹೊಣೆಯನ್ನು ಕಾನೂನು ಸ್ಥಳೀಯ ಆಡಳಿತದ ಮೇಲೆಯೇ ಹೊರಿಸಿದೆ. ಕೆಲಸದ ವೇಳೆಯಲ್ಲಿ ಕರೆ ಬಂದರೆ ಯಜಮಾನನು ಅವರನ್ನು ಕಳುಹಿಸಿಕೊಡಬೇಕು. ಎರಡೂ ಕಡೆಗಳಲ್ಲಿ ಕಾಣುವ ವಿವೇಕ ಒಂದೇ: ಭಾರವಾದ ಖರ್ಚು ಸಾರ್ವಜನಿಕ ಬೊಕ್ಕಸದ್ದು, ನಿತ್ಯದ ಶ್ರಮವೂ ಕಾಳಜಿಯೂ ನೆರೆಹೊರೆಯವರದು.

ಇದು ನಮ್ಮ ನಾಡಿಗೆ ಹೊಸದೇನೂ ಅಲ್ಲ. 1970ರ ದಶಕದಲ್ಲಿ ನಾವು ಉತ್ತರ ಕರ್ನಾಟಕದ ಒಂದು ಗ್ರಾಮದ ಮಠದಲ್ಲಿದ್ದು ವಿದ್ಯಾಭ್ಯಾಸ ಮಾಡುತ್ತಿದ್ದಾಗ, ಒಂದು ಬೇಸಿಗೆಯ ಮಧ್ಯಾಹ್ನ ಮಠದ ಹಿತ್ತಲಿನ ಮೇವಿನ ಬಣವೆಗೆ ಕಿಡಿ ತಾಗಿತು. ಕ್ಷಣಮಾತ್ರದಲ್ಲಿ ಊರೇ ನೆರೆಯಿತು. ಯಾವ ಕೇರಿ, ಯಾವ ಮತ ಎಂದು ಯಾರೂ ನೋಡಲಿಲ್ಲ. ಆದರೆ ನೂರು ಜನರ ನಡುವೆ ಇದ್ದ ಹಗ್ಗ ಎರಡು. ಅದರಲ್ಲಿ ಒಂದು ಶಿಥಿಲವಾಗಿದ್ದುದರಿಂದ ಜಗ್ಗಿದೊಡನೆ ಹರಿಯಿತು. ಮಣ್ಣಿನ ಕೊಡಗಳು ಗಡಿಬಿಡಿಯಲ್ಲಿ ಒಡೆದವು. ಬಣವೆಯೂ, ದನದ ಕೊಟ್ಟಿಗೆಯೂ ಉರಿದುಹೋದವು; ಕಟ್ಟಿದ್ದ ಒಂದು ಹಸುವನ್ನು ಬಿಡಿಸಲಾಗಲಿಲ್ಲ. ಅಂದು ರಾತ್ರಿ ಮಠದ ಪೂಜ್ಯರು ಊರವರನ್ನು ಕೂಡಿಸಿ ಹೇಳಿದ ಮಾತಿನ ತಾತ್ಪರ್ಯ ಇಷ್ಟು: ನಿಮ್ಮ ಪ್ರೀತಿ ದೊಡ್ಡದು, ಆದರೆ ಹಗ್ಗ ಪ್ರೀತಿಯಿಂದ ಗಟ್ಟಿಯಾಗುವುದಿಲ್ಲ. ಅಂದಿನಿಂದ ವಿದ್ಯಾರ್ಥಿಗಳ ಪ್ರಸಾದಕ್ಕೆಂದು ಮನೆಮನೆಗಳಲ್ಲಿ ನಿತ್ಯ ತೆಗೆದಿರಿಸುತ್ತಿದ್ದ ಮುಷ್ಟಿಧಾನ್ಯದ ಜೊತೆಗೆ, ವಾರಕ್ಕೊಮ್ಮೆ ಇನ್ನೊಂದು ಮುಷ್ಟಿ ಸೇರಿತು. ಆ ಜೋಳವನ್ನು ಮಾರಿ ಬಂದ ಹಣದಿಂದ ತಗಡಿನ ಬಕೆಟ್ಟು, ಹಗ್ಗ, ಉದ್ದನೆಯ ಕೊಕ್ಕೆಗಳನ್ನು ತಂದು ಮಠದ ಪಡಸಾಲೆಯಲ್ಲಿ ಇರಿಸಲಾಯಿತು. ಜೋಳಿಗೆ ಹಿಡಿದು ಮನೆಮನೆಗೆ ಹೋಗುತ್ತಿದ್ದ ಬಾಲಕರಲ್ಲಿ ನಾವೂ ಒಬ್ಬರಾಗಿದ್ದೆವು. ಅತ್ಯಂತ ಬಡ ಮನೆಯ ಅಜ್ಜಿಯೊಬ್ಬಳು ನಮ್ಮನ್ನು ಬರಿಗೈಯಲ್ಲಿ ಒಮ್ಮೆಯೂ ಕಳುಹಿಸಲಿಲ್ಲ. ಹಬ್ಬದ ಮುನ್ನಾದಿನ ಸಾಮಗ್ರಿಗಳನ್ನೆಲ್ಲ ಹೊರತೆಗೆದು ಹಗ್ಗವನ್ನು ಜಗ್ಗಿ ನೋಡುವುದು ಊರಿನ ಒಂದು ಪದ್ಧತಿಯಾಯಿತು.

ಕೃಷ್ಣರಾಜಪುರದಿಂದ ಹಳೆಯ ಮದ್ರಾಸು ರಸ್ತೆಯಲ್ಲಿಯೇ ಹೊಸಕೋಟೆಯ ಕಡೆಗೆ ಇನ್ನಷ್ಟು ದೂರ ಸಾಗಿದರೆ ವಿಸ್ತಾರವಾದ ಒಂದು ಕೆರೆ ಎದುರಾಗುತ್ತದೆ. ಅದೇ ಎಲೆ ಮಲ್ಲಪ್ಪ ಶೆಟ್ಟಿ ಕೆರೆ. 19ನೆಯ ಶತಮಾನದಲ್ಲಿ ಬೆಂಗಳೂರಿನಲ್ಲಿ ವೀಳ್ಯದೆಲೆಯ ವ್ಯಾಪಾರ ಮಾಡಿ ಸಂಪತ್ತನ್ನು ಗಳಿಸಿದ ಮಲ್ಲಪ್ಪ ಶೆಟ್ಟರು ಆ ಸಂಪತ್ತಿನ ಬಹುಭಾಗವನ್ನು ಲೋಕೋಪಕಾರಕ್ಕೆ ವಿನಿಯೋಗಿಸಿದರು. ನಗರದಲ್ಲಿ ಹೆರಿಗೆ ಆಸ್ಪತ್ರೆಗೆ ನೆರವಾದರು. ನೀರಿಗಾಗಿ ಪರದಾಡುವ ಜನರನ್ನು ಕಂಡು ಈ ಕೆರೆಯನ್ನು ಕಟ್ಟಿಸಿದರು. ಎಲೆಗೆ ಎಲೆ ಕೂಡಿಸಿದ ಹಣ ಕೆರೆಯಾಗಿ ನಿಂತಿತು. ಆ ನೀರನ್ನು ಕುಡಿಯಲು ಬಂದ ದನಕ್ಕೂ, ಮೊಗೆಯಲು ಬಂದ ಮನುಷ್ಯನಿಗೂ ಯಾರೂ ರಸೀದಿ ಕೇಳಲಿಲ್ಲ. ದಾನವೆಂದರೆ ಹೀಗಿರಬೇಕು ಎಂದು ಆ ಏರಿಯ ಮೇಲೆ ನಿಂತವರಿಗೆ ಯಾರಿಗಾದರೂ ಅನಿಸದಿರದು.

ಆದರೆ ಅದೇ ಕೆರೆಯನ್ನು ಇಂದು ನೋಡಿದರೆ ಮನಸ್ಸು ಭಾರವಾಗುತ್ತದೆ. ನಗರ ಬೆಳೆದಂತೆ ಕೊಳಚೆ ನೀರು ಅದರೊಳಗೆ ಹರಿಯಿತು. ದಂಡೆಗಳಲ್ಲಿ ಕಸ ಬಿತ್ತು. ಇದೇ ಪೂರ್ವ ಭಾಗದ ಬೆಳ್ಳಂದೂರು ಕೆರೆಯದು ಇನ್ನೂ ವಿಚಿತ್ರವಾದ ದುರವಸ್ಥೆ. 2015ರಲ್ಲಿ ಅದರ ನೊರೆಗೆ ಬೆಂಕಿ ಹತ್ತಿತು. 2017ರಲ್ಲಿಯೂ, 2018ರ ಜನವರಿಯಲ್ಲಿಯೂ ಕೆರೆಯಂಗಳ ಮತ್ತೆ ಹೊತ್ತಿಕೊಂಡು, ಕೊನೆಯ ಬಾರಿ ಸೈನಿಕರು ಬಂದು ಆರಿಸಲು ನೆರವಾಗಬೇಕಾಯಿತು. ಬೆಂಕಿಯನ್ನು ಆರಿಸಬೇಕಾದ ಕೆರೆಯೇ ಉರಿಯಿತೆಂದರೆ ನಮ್ಮ ಹಿರಿಯರು ನಂಬುತ್ತಿದ್ದರೇ?

ಇಲ್ಲಿ ನಾವು ಕಲಿಯಬೇಕಾದ ಪಾಠವೊಂದಿದೆ. ಒಬ್ಬ ದೊಡ್ಡ ದಾನಿ ಕೆರೆಯನ್ನು ಕಟ್ಟಿಸಬಲ್ಲನು. ನೂರು ವರ್ಷ ಅದರ ಹೂಳೆತ್ತಲಾರನು. ಕಟ್ಟುವುದಕ್ಕೆ ಒಮ್ಮೆ ಕೊಟ್ಟ ದೊಡ್ಡ ಮೊತ್ತ ಸಾಕಾದೀತು. ಕಾಪಾಡುವುದಕ್ಕೆ ಎಲ್ಲರೂ ನಿಲ್ಲಿಸದೆ ಕೊಡುವ ಸಣ್ಣ ಮೊತ್ತ ಬೇಕು. ಅಗ್ನಿರಕ್ಷಣೆಯಲ್ಲಿ ಈ ಮಾತು ಇನ್ನೂ ಹೆಚ್ಚು ಸತ್ಯ. ಎಷ್ಟೋ ಕಲ್ಯಾಣ ಮಂಟಪಗಳಲ್ಲಿ, ಶಾಲೆಗಳಲ್ಲಿ, ದಾನಿಗಳ ಹೆಸರು ಬರೆದ ಕೆಂಪು ಅಗ್ನಿನಂದಿನಿಗಳು ಗೋಡೆಯ ಮೇಲೆ ತೂಗುತ್ತಿರುವುದನ್ನು ನಾವು ಕಂಡಿದ್ದೇವೆ. ಹತ್ತಿರ ಹೋಗಿ ನೋಡಿದರೆ ಒತ್ತಡದ ಮುಳ್ಳು ಕೆಳಗೆ ಬಿದ್ದಿರುತ್ತದೆ; ಮರುಭರ್ತಿಯ ದಿನಾಂಕ ಎಂದೋ ಮೀರಿರುತ್ತದೆ. ಕೊಳ್ಳುವಾಗ ಸಮಾರಂಭ ನಡೆದಿತ್ತು, ತುಂಬಿಸಲು ಯಾರಿಗೂ ನೆನಪಿರಲಿಲ್ಲ.

ಆದ್ದರಿಂದ ನಮ್ಮ ಸೂಚನೆ ಸರಳವಾದುದು. ಒಂದು ಕೇರಿಯಲ್ಲಿ 200 ಮನೆಗಳಿವೆಯೆಂದು ಭಾವಿಸೋಣ. ಮನೆಯೊಂದಕ್ಕೆ ತಿಂಗಳಿಗೆ 10 ರೂಪಾಯಿಯಂತೆ ಕೂಡಿದರೆ ವರ್ಷಕ್ಕೆ 24,000 ರೂಪಾಯಿಗಳಾಗುತ್ತವೆ. ಇದು ಒಂದು ಹೊತ್ತಿನ ಚಹಾದ ಬೆಲೆ. ಯಾರ ಸಂಸಾರಕ್ಕೂ ಹೊರೆಯಲ್ಲ. ಅಂಗಡಿ, ಗೋದಾಮುಗಳವರು ತಮ್ಮ ದಾಸ್ತಾನಿಗೆ ತಕ್ಕಂತೆ ಹೆಚ್ಚು ಕೊಡುವುದು ನ್ಯಾಯ, ಏಕೆಂದರೆ ಅಪಾಯವೂ ಅಲ್ಲಿಯೇ ಹೆಚ್ಚು. ತಗಡಿನ ಶೆಡ್ಡಿನಲ್ಲಿರುವ ಕೂಲಿಕಾರರಿಂದ ಹಣವನ್ನು ಕೇಳಬಾರದು. ಅವರಲ್ಲಿ ಇಬ್ಬರನ್ನು ತರಬೇತಿಗೆ ಕರೆಯಬೇಕು. ಕಾಯಕದ ಕಾಣಿಕೆ ಹಣದ ಕಾಣಿಕೆಗಿಂತ ಕಡಿಮೆಯದಲ್ಲ.

ಈ ಹಣದಲ್ಲಿ ಮೊದಲ ಖರ್ಚು ಸ್ವಯಂಸೇವಕರ ವಿಮೆ. ಪರರಿಗಾಗಿ ಹೊಗೆಯೊಳಗೆ ನುಗ್ಗುವವನ ಹೆಂಡತಿ ಮಕ್ಕಳನ್ನು ಅನಾಥರನ್ನಾಗಿ ಮಾಡುವ ಸೇವೆ ಸೇವೆಯಲ್ಲ. ಎರಡನೆಯದು ಅಗ್ನಿಶಾಮಕ ಇಲಾಖೆಯವರನ್ನು ಪ್ರಾರ್ಥಿಸಿಕೊಂಡು ನಡೆಸುವ ತರಬೇತಿ. ಮೂರನೆಯದು ಅಗ್ನಿನಂದಿನಿಗಳ ಮರುಭರ್ತಿ, ಮರಳಿನ ಬಕೆಟ್ಟು, ಹಗ್ಗ, ಏಣಿ, ಕೈಗವಸು, ಬ್ಯಾಟರಿ ದೀಪ. ಹಣ ಉಳಿದರೆ ನೀರಿನ ತೊಟ್ಟಿ. ಸಮವಸ್ತ್ರ, ಫಲಕ, ಸನ್ಮಾನಗಳು ಕಟ್ಟಕಡೆಗೆ, ಇಲ್ಲದಿದ್ದರೂ ನಡೆಯುತ್ತದೆ. ಲೆಕ್ಕವನ್ನು ಬೇರೆ ಬೇರೆ ಸಮುದಾಯಗಳ ಮೂವರ ಸಹಿಯ ಬ್ಯಾಂಕ್ ಖಾತೆಯಲ್ಲಿ ಇಟ್ಟು, ತಿಂಗಳ ಜಮಾಖರ್ಚನ್ನು ಎಲ್ಲರೂ ಓಡಾಡುವ ಕಡೆ ಬರೆದು ಹಾಕಬೇಕು. ಪ್ರತಿವರ್ಷ ಏಪ್ರಿಲ್ 14ರಂದು ಲೆಕ್ಕವನ್ನು ಓದಿ, ಸಾಮಗ್ರಿಗಳನ್ನು ಹೊರತೆಗೆದು ಪರೀಕ್ಷಿಸಿದರೆ, ಅಗಲಿದ ಆ 66 ಮಂದಿಗೆ ಅದಕ್ಕಿಂತ ಯೋಗ್ಯವಾದ ಶ್ರದ್ಧಾಂಜಲಿ ಬೇರೊಂದಿಲ್ಲ.

ಹೀಗೆ ಜನರೇ ಕೊಡತೊಡಗಿದರೆ ಸರ್ಕಾರ ತನ್ನ ಹೊಣೆಯನ್ನು ಕೈಬಿಡುವುದಿಲ್ಲವೇ ಎಂದು ಕೆಲವರು ಕೇಳಬಹುದು. ಶಂಕೆ ನ್ಯಾಯವಾದುದೇ. ವಾಹನ, ಠಾಣೆ, ಸಿಬ್ಬಂದಿ, ರಸ್ತೆಯ ನೀರಿನ ಸಂಪರ್ಕ ಇವುಗಳನ್ನು ಒದಗಿಸುವುದು ಸರ್ಕಾರದ ಕರ್ತವ್ಯವೇ ಆಗಿದೆ. ನಾವು ಕೊಡುವ ತೆರಿಗೆ ಅದಕ್ಕಾಗಿಯೇ. ರಾಜ್ಯಗಳ ಅಗ್ನಿಶಾಮಕ ಸೇವೆಗಳ ವಿಸ್ತರಣೆ ಮತ್ತು ಆಧುನೀಕರಣಕ್ಕಾಗಿ ಕೇಂದ್ರ ಸರ್ಕಾರ 2023ರಲ್ಲಿ 5,000 ಕೋಟಿ ರೂಪಾಯಿಗಳ ಯೋಜನೆಯನ್ನು ಪ್ರಕಟಿಸಿದೆ. ಅದರಲ್ಲಿ ತಮ್ಮ ಭಾಗಕ್ಕೆ ಏನು ಬಂದಿತೆಂದು ಕೇಳುವ ಹಕ್ಕು ಪ್ರತಿ ಪೌರನಿಗೂ ಇದೆ. ತನ್ನ ಪಾಲನ್ನು ಸಲ್ಲಿಸಿ ಲೆಕ್ಕ ಇಟ್ಟಿರುವ ಕೇರಿಯ ಮಾತಿಗೆ ಕಚೇರಿಗಳಲ್ಲಿ ಹೆಚ್ಚು ತೂಕವೂ ಇರುತ್ತದೆ. ಕೇರಿಯ ನಿಧಿ ಮೊದಲ ಹತ್ತು ನಿಮಿಷಗಳಿಗೆ ಮಾತ್ರ. ಆಮೇಲಿನದು ಸರ್ಕಾರದ್ದು ಎಂಬ ಗೆರೆ ಎಲ್ಲರಿಗೂ ಸ್ಪಷ್ಟವಾಗಿರಬೇಕು. 101 ಅಥವಾ 112ಕ್ಕೆ ಕರೆ ಮಾಡುವುದು ಸ್ವಯಂಸೇವಕನ ಮೊದಲ ಕೆಲಸ, ಉಳಿದುದೆಲ್ಲ ಅನಂತರ.

ನಮ್ಮ ಸಮಾಜಕ್ಕೆ ಕೂಡಿ ಕೊಡುವ ವಿದ್ಯೆಯನ್ನು ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಬೆಳಗಾವಿಯಲ್ಲಿ 1916ರಲ್ಲಿ ಏಳು ಮಂದಿ ಶಿಕ್ಷಕರು ಸೇರಿ ಕಟ್ಟಿದ ಕೆ.ಎಲ್.ಇ. ಸಂಸ್ಥೆ, ಮುಷ್ಟಿಧಾನ್ಯದಿಂದ ನಡೆದ ನಮ್ಮ ಎಷ್ಟೋ ಪ್ರಸಾದನಿಲಯಗಳು ಅದಕ್ಕೆ ನಿದರ್ಶನ. ಹಸಿವಿಗಾಗಿ, ವಿದ್ಯೆಗಾಗಿ ಕೊಟ್ಟ ಕೈಗಳು ಬೆಂಕಿಯ ಭಯಕ್ಕಾಗಿಯೂ ಕೊಡಬಲ್ಲವು. ನೂರಾರು ಮಕ್ಕಳು ಮಲಗುವ ನಮ್ಮ ಪ್ರಸಾದನಿಲಯಗಳಿಂದಲೇ ಈ ಕಾರ್ಯ ಆರಂಭವಾಗಲಿ. ಅಲ್ಲಿಂದ ಅಕ್ಕಪಕ್ಕದ ಓಣಿಗೆ, ಎಲ್ಲ ಮತದವರ ಮನೆಗಳಿಗೆ ಹಬ್ಬಲಿ. ಮನೆ ಹತ್ತಿ ಉರಿಯುವಾಗ ಬಾವಿ ತೋಡಿದರೆಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಈ ಸಂಚಿಕೆಯನ್ನು ಓದಿ ಮುಗಿಸಿದ ಗೃಹಸ್ಥರು ತಮ್ಮ ಬೀದಿಯಲ್ಲಿ, ತಮ್ಮ ಸಮುದಾಯ ಭವನದಲ್ಲಿ ಇರುವ ಅಗ್ನಿನಂದಿನಿಯ ಮುಳ್ಳು ಎಲ್ಲಿದೆಯೆಂದು ಇಂದೇ ಒಮ್ಮೆ ನೋಡಿಬರಬೇಕೆಂದು ನಮ್ಮ ವಿನಂತಿ.